ಸಾಮಾಜಿಕ ನ್ಯಾಯದ ಪರ ವಾದಿಸಿ ನಾನು ಗೆದ್ದದ್ದು

ಉತ್ತರ ಕೊಡಲು ಮನಸ್ಸಿಲ್ಲದ ಪ್ರಶ್ನೆ ಎದುರಿಗೆ ಬಂದು ನಿಂತಾಗ ತಪ್ಪಿಸಿಕೊಳ್ಳಲು ಒಬ್ಬೊಬ್ಬರದು ಒಂದೊಂದು ಉಪಾಯ. ಸರ್ಕಾರವಾದರೆ ಸಮಿತಿ ನೇಮಿಸುತ್ತದೆ. ವಕೀಲರಾದರೆ ಮುಂದಿನ ತಾರೀಕು ಕೇಳುತ್ತಾರೆ. ಮನೆಯ ಗಂಡಸರು ಟವಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋಗುತ್ತಾರೆ. ನಾಟಕ ತಂಡದವರಾದ ನಾವು ಇತ್ತೀಚೆಗೆ ಕಂಡುಕೊಂಡ ಉಪಾಯ ಇವೆಲ್ಲಕ್ಕಿಂತ ಮರ್ಯಾದೆಯದ್ದು. ಆ ಪ್ರಶ್ನೆಯ ಬಗ್ಗೆಯೇ ಒಂದು ಸಂವಾದ ಏರ್ಪಡಿಸುವುದು. ಬ್ಯಾನರ್ ಕಟ್ಟಿ, ದೀಪ ಹಚ್ಚಿ, ಹತ್ತು ಜನ ಹತ್ತು ದಿಕ್ಕಿನಿಂದ ಮಾತನಾಡಿ, ವಂದನಾರ್ಪಣೆ ಮುಗಿಯುವ ಹೊತ್ತಿಗೆ ಪ್ರಶ್ನೆ ಕೇಳಿದವರಿಗೇ ತಾವು ಕೇಳಿದ್ದೇನು ಎಂಬುದು ಮರೆತುಹೋಗಿರುತ್ತದೆ. ನಾನು 'ಸಾಮಾಜಿಕ ನ್ಯಾಯ ಮತ್ತು ಕಲಾ ನಾಯಕತ್ವ' ಎಂಬ ವಿಷಯದ ಮೇಲೆ ಸಮುದಾಯ ಸಂವಾದ ಏರ್ಪಡಿಸಿದ್ದು ಇದೇ ಸದುದ್ದೇಶದಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಈಚೆಗೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ಸಿಕ್ಕವರೆಲ್ಲ, ನ್ಯಾಯಕ್ಕಾಗಿ ತ್ಯಾಗ ಮಾಡಿದವರು ಅಂತ ನನಗೆ ಕೈ ಮುಗಿಯುತ್ತಿದ್ದಾರೆ. ಅವರಿಗೆ ನಿಜ ಹೇಳುವ ಧೈರ್ಯ ನನಗಿಲ್ಲ. ನಿಮಗಾದರೂ ಹೇಳಬಹುದು.

ಹೊಟ್ಟೆಪಾಡಿಗೆ ನಾನು ಕುಂದಾಪುರದಲ್ಲಿ ದಸ್ತಾವೇಜು ಬರೆಯುವವನು. ಜಾಗ ಮಾರುವವರ, ಕೊಳ್ಳುವವರ, ಪಾಲು ಮಾಡಿಕೊಳ್ಳುವವರ ಕಾಗದಪತ್ರ ಬರೆದುಕೊಡುವುದು ನನ್ನ ಕಸುಬು. ಆದರೆ ಊರಿನಲ್ಲಿ ನನ್ನನ್ನು ಜನ ಗುರುತಿಸುವುದು ತಲ್ಲೂರಿನ ನಮ್ಮ ಹವ್ಯಾಸಿ ನಾಟಕ ತಂಡದಿಂದ. ಹತ್ತೊಂಬತ್ತು ವರ್ಷಗಳಿಂದ ನಾನೇ ಅದರ ಅಧ್ಯಕ್ಷ, ನಾನೇ ನಿರ್ದೇಶಕ, ನಾಟಕದಲ್ಲಿ ರಾಜನಿದ್ದರೆ ಆ ರಾಜನೂ ನಾನೇ. ಇದರಲ್ಲಿ ಪ್ರಜಾಪ್ರಭುತ್ವ ಇಲ್ಲ ಎಂದು ಯಾರೂ ಹೇಳುವಂತಿಲ್ಲ, ವರ್ಷವರ್ಷವೂ ಕ್ರಮಪ್ರಕಾರ ಚುನಾವಣೆ ನಡೆಯುತ್ತದೆ. ಕಾರ್ಯದರ್ಶಿ ಶೀನಣ್ಣ ಎದ್ದು, "ಈ ಸಲೂ ಭಾಸ್ಕರಣ್ಣನೇ ಇರ್ಲಿ, ಅಲ್ದಾ?" ಎನ್ನುತ್ತಾನೆ. ಅಲ್ಲ ಎನ್ನಬೇಕೆಂದು ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಚಾ, ಗೋಳಿಬಜೆ ಬಂದಿರುತ್ತದೆ. ತೆರೆದ ಬಾಯಿಗೆ ಗೋಳಿಬಜೆ ಹೋಗುತ್ತದೆ. ಶೀನಣ್ಣನಿಗೆ ಮೈಕು, ಶಾಮಿಯಾನ ಬಾಡಿಗೆಗೆ ಕೊಡುವ ಕೆಲಸ. ಜನರ ಬಾಯಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬ ಅಂದಾಜು ಅವನಿಗೆ ಚೆನ್ನಾಗಿದೆ.

ನನ್ನ ನಿರ್ದೇಶನದ ಪದ್ಧತಿಯನ್ನೂ ಹೇಳಿಬಿಡುತ್ತೇನೆ. ತಾಲೀಮು ನಡೆಯುವಾಗ ನಾನು ಕೈಯಿರುವ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತೇನೆ. ದೃಶ್ಯ ಮುಗಿದ ಮೇಲೆ ಕಣ್ಣು ಬಿಟ್ಟು, "ಎಂತದೋ ಕಮ್ಮಿ ಆಯ್ತ್. ಇನ್ನೊಂದ್ ಸಲ ಮಾಡಿ" ಎನ್ನುತ್ತೇನೆ. ಏನು ಕಮ್ಮಿಯಾಯಿತು ಎಂಬುದು ನನಗೆ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಗಿರಿಜೆಗೆ. ಗಿರಿಜ ವಂಡ್ಸೆ ಕಡೆಯವಳು, ಅಂಚೆ ಕಚೇರಿಯಲ್ಲಿ ಕೆಲಸ. ಇಪ್ಪತ್ತೈದರ ಪ್ರಾಯದಲ್ಲಿ ನಟಿಸಬೇಕೆಂದು ನಮ್ಮಲ್ಲಿಗೆ ಬಂದವಳಿಗೆ ನಾನು ರಾಜಮಾತೆಯ ಪಾತ್ರ ಕೊಟ್ಟೆ. ಅಂದಿನಿಂದ ಇಂದಿನವರೆಗೂ ಆಕೆ ನನ್ನ ತಾಯಿ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳು ಎಂಬುದು ಬೇರೆ ಮಾತು, ಬಣ್ಣ ಹಚ್ಚಿದರೆ ಅದೆಲ್ಲ ಕಾಣುವುದಿಲ್ಲ. ನಾನು 'ಇನ್ನೊಂದ್ ಸಲ' ಎಂದು ಮತ್ತೆ ಕಣ್ಣು ಮುಚ್ಚಿದಾಗ ಗಿರಿಜ ಆ ನಟನನ್ನು ಜಗಲಿಗೆ ಕರೆದುಕೊಂಡು ಹೋಗಿ, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ತಿರುಗಬೇಕು, ಯಾವ ಮಾತಿಗೆ ಸುಮ್ಮನಿರಬೇಕು ಎಂದು ಐದು ನಿಮಿಷ ಹೇಳಿಕೊಡುತ್ತಾಳೆ. ಅವನು ವಾಪಸು ಬಂದು ಮಾಡಿದರೆ ದೃಶ್ಯ ಎದ್ದು ಕೂರುತ್ತದೆ. ನಾನು ಕಣ್ಣು ಬಿಟ್ಟು, "ಈಗ ಕಾಣಿ. ನಾನ್ ಹೇಳಿದ್ದ್ ಅದೇ" ಎನ್ನುತ್ತೇನೆ. ಹೀಗೆ ಹತ್ತೊಂಬತ್ತು ವರ್ಷ ನಮ್ಮ ತಂಡದಲ್ಲಿ ಒಂದು ಜಗಳವಿಲ್ಲ, ಒಂದು ಮನಸ್ತಾಪವಿಲ್ಲ. ಜಗಲಿಯಲ್ಲಿ ನಾಟಕ ತಯಾರಾಗುತ್ತಿತ್ತು, ಕುರ್ಚಿಯಲ್ಲಿ ನಿರ್ದೇಶಕ ತಯಾರಾಗುತ್ತಿದ್ದ.

ಕಳೆದ ನಾಟಕ ಮುಗಿದ ಮರುದಿನ ಪರದೆ ಮಡಚಿಡುವಾಗ ಗಿರಿಜ ಒಂದು ತುದಿ ಹಿಡಿದಿದ್ದಳು, ಇನ್ನೊಂದು ತುದಿ ಹಿಡಿಯಬೇಕಾದ ನಾನು ಪಕ್ಕದಲ್ಲಿ ನಿಂತು ಹೇಗೆ ಮಡಚಬೇಕೆಂದು ಹೇಳುತ್ತಿದ್ದೆ. ಆಗ ಅವಳು ತಲೆ ಎತ್ತದೆಯೇ, "ಭಾಸ್ಕರಣ್ಣ, ಮುಂದಿನ್ ನಾಟ್ಕ ನಾನ್ ನಿರ್ದೇಶನ ಮಾಡ್ತೆ" ಎಂದಳು. ಮಾಡಲಾ ಎಂದು ಕೇಳಿದ್ದಲ್ಲ, ಮಾಡ್ತೆ ಎಂದದ್ದು. ನನ್ನ ಬಾಯಿಂದ ತಾನಾಗಿ ಹೊರಬಿದ್ದದ್ದು ಒಂದೇ ಶಬ್ದ. "ಕಾಂಬ."

ನೋಡೋಣ ಎಂದು ಬೇರೆ ಕಡೆಯವರು ಹೇಳುವುದನ್ನು ನಾವು ಕಾಂಬ ಎನ್ನುತ್ತೇವೆ. ಆದರೆ ನೋಡೋಣ ಎಂದವರು ಯಾವಾಗಲಾದರೂ ನೋಡುವ ಸಂಭವ ಇರುತ್ತದೆ. ಕಾಂಬ ಎಂದವರು ಆ ಕಡೆ ಮತ್ತೆ ತಲೆ ಹಾಕಿಯೂ ಮಲಗುವುದಿಲ್ಲ. ಮಗಳಿಗೆ ಸಂಬಂಧ ತಂದವರಿಗೆ, ಬೇಲಿ ಸರಿಸಿ ಎಂದ ನೆರೆಯವರಿಗೆ, ಬೊಂಬಾಯಿಯಲ್ಲಿ ಹೋಟೆಲು ಹಾಕುವ ಬಾ ಎಂದು ಕರೆದ ಭಾವನಿಗೆ, ಎಲ್ಲರಿಗೂ ನಾನು ಇದೇ ಒಂದು ಶಬ್ದದಿಂದ ಬಾಗಿಲು ಹಾಕಿದವನು. ಗಿರಿಜೆಗೆ ಆ ಶಬ್ದದ ಅರ್ಥ ನನಗಿಂತ ಚೆನ್ನಾಗಿ ಗೊತ್ತು. "ಎಂತ ಕಾಂಬುದ್? ಹತ್ತೊಂಬತ್ ವರ್ಷ ಕಂಡದ್ ಸಾಕಾಯ್ಲಿಲ್ಯಾ? ಚೌತಿ ಒಳ್ಗೆ ಹೇಳಿ. ಆತಿಲ್ಲ ಅಂದ್ರೆ ಆತಿಲ್ಲ ಅನ್ನಿ, ನಂಗ್ ಬೇಜಾರಿಲ್ಲ. ನಾನ್ ತಾಲೀಮಿಗ್ ಬತ್ತಿಲ್ಲ, ಅಷ್ಟೇ" ಎಂದು ಪರದೆಯನ್ನು ಒಬ್ಬಳೇ ಮಡಚಿ ಪೆಟ್ಟಿಗೆಗೆ ಹಾಕಿ ಬಸ್ಸಿಗೆ ಹೊರಟುಹೋದಳು.

ಅವಳು ಬಾರದಿದ್ದರೆ ನಾಟಕ ಏಳುವುದಿಲ್ಲ, ನಾಟಕ ಏಳದಿದ್ದರೆ ನಾನು ನಿರ್ದೇಶಕನಲ್ಲ. ಅವಳಿಗೆ ಬಿಟ್ಟುಕೊಟ್ಟರೂ ನಾನು ನಿರ್ದೇಶಕನಲ್ಲ. ಹೇಗೆ ತಿರುಗಿಸಿ ನೋಡಿದರೂ ಕುರ್ಚಿ ಹೋಗುವುದೇ ಕಾಣುತ್ತಿತ್ತು. ಮನೆಗೆ ಬಂದು ಹೆಂಡತಿ ಸುಲೋಚನೆಗೆ ಹೇಳಿದೆ. ಅವಳು ಬಂಗುಡೆ ಮೀನು ಕೊಯ್ಯುತ್ತಿದ್ದವಳು ಕತ್ತಿಯಿಂದ ಕಣ್ಣು ತೆಗೆಯದೆ, "ಕೊಡಿ ಮರ್ರೆ. ಹ್ಯಾಂಗೂ ಮಾಡುದ್ ಅವ್ಳೇ ಅಲ್ದಾ?" ಎಂದಳು. ನಾಟಕದ ವಿಷಯ ನಿನಗೆ ಗೊತ್ತಾಗುವುದಿಲ್ಲ ಎಂದು ಗದರಿದೆ. "ನಂಗೆ ನಾಟ್ಕ ಗೊತ್ತಿಲ್ಲ. ನೀವ್ ಗೊತ್ತಿತ್ತ್" ಎಂದಳು.

ಇಲ್ಲಿ ನಮ್ಮ ಮನೆತನದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ತಾಯಿಯಿಂದ ಮಗಳಿಗೆ, ಹೆಣ್ಣಿನ ಸಂತಾನಕ್ಕೆ ಇಳಿದು ಬರುವ ಕ್ರಮ. ಹೊರಗಿನಿಂದ ಬಂದವರು ಇದನ್ನು ಕೇಳಿ, ಆಹಾ, ಸ್ತ್ರೀಯರಿಗೆ ಎಂಥ ಸ್ಥಾನ ಎಂದು ಬೆರಗಾಗುತ್ತಾರೆ. ನಾವೂ ಎದೆಯುಬ್ಬಿಸುತ್ತೇವೆ. ಗದ್ದೆ ಅಜ್ಜಿಯದ್ದು, ಮನೆ ಅಜ್ಜಿಯದ್ದು, ಕಣಜದ ಭತ್ತ ಅಜ್ಜಿಯದ್ದು. ಆದರೆ ಚಾವಡಿಯ ತೂಗುಮಂಚದಲ್ಲಿ ಕೂತು ಹುಕುಂ ಮಾಡುತ್ತಿದ್ದವರು ಅಜ್ಜಿಯ ಅಣ್ಣ. ಕಣಜದ ಬೀಗದ ಕೈ ಅವರ ಉಡಿದಾರದಲ್ಲಿ. ಅಜ್ಜಿ ತನ್ನದೇ ಭತ್ತ ತೆಗೆಯಬೇಕಾದರೆ ಬಾಗಿಲ ಸಂದಿಯಲ್ಲಿ ನಿಂತು ಕೆಮ್ಮಬೇಕಿತ್ತು. ಈಗ ಕಾಲ ಬದಲಾಗಿದೆ ಎನ್ನುತ್ತೀರಿ. ಹೌದು, ಬದಲಾಗಿದೆ. ಈಗ ತಂಗಿಯಂದಿರು ನನ್ನ ಕಚೇರಿಗೇ ಬಂದು ಅಣ್ಣಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ಹೋಗುತ್ತಾರೆ. 'ಅಣ್ಣನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ' ಎಂಬ ಸಾಲು ನನ್ನದೇ ರಚನೆ. ಆ ಸಾಲು ಓದಿ ಹೇಳುವಾಗ ತಂಗಿಯ ಮುಖವನ್ನು ನಾನು ನೋಡುವುದಿಲ್ಲ, ಕಾಗದವನ್ನೇ ನೋಡುತ್ತೇನೆ. ಸಾಮಾಜಿಕ ನ್ಯಾಯದ ಬಗ್ಗೆ ಮಾತನಾಡಲು ನನಗಿಂತ ಅನುಭವಸ್ಥ ಈ ತಾಲೂಕಿನಲ್ಲಿ ಇಲ್ಲ ಎಂದು ಇದರಿಂದ ನಿಮಗೆ ಗೊತ್ತಾಗಬೇಕು.

ಹೀಗಿರುವಾಗ ಮೊಬೈಲಿನಲ್ಲಿ ಒಂದು ಪೋಸ್ಟರು ಬಂತು. ದೊಡ್ಡ ಊರಿನ ಯಾವುದೋ ನಾಟಕ ತಂಡ ಸಾಮಾಜಿಕ ನ್ಯಾಯದ ಮೇಲೆ, ಕಲೆಯಲ್ಲಿ ನಾಯಕತ್ವ ಯಾರದ್ದಾಗಬೇಕು ಎಂಬುದರ ಮೇಲೆ ಸಮುದಾಯ ಸಂವಾದ ನಡೆಸುತ್ತಿತ್ತು. ಪೋಸ್ಟರಿನಲ್ಲಿ ಎಲ್ಲರೂ ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಿದ್ದರು. ನೋಡಿದ ಕೂಡಲೇ ನನಗೆ ದಾರಿ ಹೊಳೆಯಿತು. ಗಿರಿಜೆಯ ಪ್ರಶ್ನೆಯನ್ನು ಗಿರಿಜೆಯ ಪ್ರಶ್ನೆಯಾಗಿ ಇಟ್ಟುಕೊಂಡರೆ ಹೌದು ಅಥವಾ ಅಲ್ಲ ಎನ್ನಬೇಕಾಗುತ್ತದೆ. ಅದನ್ನೇ ಸಮಾಜದ ಪ್ರಶ್ನೆ ಮಾಡಿಬಿಟ್ಟರೆ 'ಇದು ಇನ್ನಷ್ಟು ಚರ್ಚೆಯಾಗಬೇಕಾದ ವಿಷಯ' ಎಂದು ಮುಗಿಸಬಹುದು. ಅಷ್ಟರಲ್ಲಿ ಚೌತಿ ಕಳೆದಿರುತ್ತದೆ.

ಸಮಿತಿಯ ಸಭೆಯಲ್ಲಿ ವಿಷಯ ಇಟ್ಟಾಗ ಶೀನಣ್ಣ ತಲೆ ಕೆರೆದುಕೊಂಡ. "ಹ್ವಾಯ್, ಇದಕ್ ಜನ ಬತ್ತಿಲ್ಲ" ಎಂದ. ಅವನು ಈ ಮಾತನ್ನು ಸುಮ್ಮನೆ ಹೇಳಿದ್ದಲ್ಲ, ಶಾಮಿಯಾನ ಹಾಕಿ ಹಾಕಿ ಕಂಡವನು. ಇತ್ತೀಚೆಗೆ ಅಕ್ಕಪಕ್ಕದ ತಂಡಗಳೆಲ್ಲ ಸಂವಾದದ ಹಿಂದೆ ಬಿದ್ದಿವೆ. ಬ್ರಹ್ಮಾವರದ ಕಡೆ ಒಂದು ತಂಡ ನಡೆಸಿದ ಸಂವಾದದಲ್ಲಿ ಮೊದಲ ಭಾಷಣಕಾರರು ಸಮಾನತೆ ಬೇಕು ಎಂದರು, ಎರಡನೆಯವರು ಹೌದು ಬೇಕು ಎಂದರು, ಮೂರನೆಯವರು ಬೇಕೇ ಬೇಕು ಎಂದರು. ನಾಲ್ಕನೆಯವರು ಏಳುವಾಗ ಎದುರಿಗೆ ಇದ್ದದ್ದು ಶೀನಣ್ಣನ ಕುರ್ಚಿಗಳು ಮಾತ್ರ. ಬೈಂದೂರಿನ ಕಡೆ ಇನ್ನೊಂದು ತಂಡದವರು ಮೇಲು ಕೀಳು ಇರಬಾರದೆಂದು ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿದರು. ವೃತ್ತದಲ್ಲಿ ಮೊದಲನೇ ಸಾಲು ಯಾವುದು ಎಂದು ತಿಳಿಯದೆ ಊರಿನ ಗಣ್ಯರೆಲ್ಲ ಬಾಗಿಲಲ್ಲೇ ನಿಂತರು. ಕೊನೆಗೆ ಒಳಗಿನಿಂದ ಸೋಫಾ ತಂದು ವೃತ್ತದ ಒಂದು ಕಡೆ ಸೇರಿಸಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿದ ಮೇಲೆಯೇ ಸಮಾನತೆಯ ಚರ್ಚೆ ಶುರುವಾದದ್ದು.

"ನಮ್ಮ್ ಜನಕ್ಕೆ ಒಬ್ರಿಗೊಬ್ರ್ ಹೌದ್ ಹೌದ್ ಅಂಬುದ್ ಕೇಂಬುಕೆ ಆತಿಲ್ಲ. ಎದ್ರ್ ಬದ್ರ್ ಕೂಕಂಡ್ ವಾದ ಮಾಡ್ಬೇಕ್. ತಾಳಮದ್ದಳೆ ಹಾಂಗೆ ಮಾಡುವ" ಎಂದ ಶೀನಣ್ಣ. ವೇಷವಿಲ್ಲದೆ, ಕುಣಿತವಿಲ್ಲದೆ, ಶಾಲು ಹೊದ್ದು ಎದುರುಬದುರು ಕೂತು, ಪುರಾಣದ ಪಾತ್ರಗಳಾಗಿ ಮಾತಿನಲ್ಲೇ ಹೊಡೆದಾಡುವ ತಾಳಮದ್ದಳೆ ಎಂದರೆ ನಮ್ಮ ಕಡೆಯವರು ಊಟ ಬಿಟ್ಟು ಬರುತ್ತಾರೆ. ಒಬ್ಬ ಒಂದು ಪಕ್ಷ ಹಿಡಿಯಬೇಕು, ಇನ್ನೊಬ್ಬ ಎದುರು ಪಕ್ಷ. ಸ್ವಂತ ಅಭಿಪ್ರಾಯ ಏನೇ ಇರಲಿ, ಕೂತ ಮೇಲೆ ಪಾತ್ರದ ಪರ ಜೀವ ಬಿಟ್ಟು ವಾದಿಸಬೇಕು. ಎಲ್ಲರೂ ಒಪ್ಪಿದರು. ಹೆಂಗಸರಿಗೂ ನಾಯಕತ್ವ ಸಿಗಬೇಕು ಎನ್ನುವ ಪಕ್ಷ ಯಾರದ್ದು ಎಂಬ ಪ್ರಶ್ನೆ ಏಳಲೇ ಇಲ್ಲ. ಒಳ್ಳೆಯ ಪಾತ್ರ ಯಾವತ್ತೂ ನನ್ನದೇ. ಎದುರಿಗೆ ಕೂತು, ಬೇಡ, ಅಧ್ಯಕ್ಷರೇ ಎಲ್ಲ ಮಾಡಲಿ ಎಂದು ವಾದಿಸಲು ಮಾತ್ರ ಯಾರೂ ತಯಾರಿಲ್ಲ. ಈ ಕಾಲದಲ್ಲಿ ಹಾಗೆ ಮಾಡಲು ಯಾರೂ ನಾಚುವುದಿಲ್ಲ, ಮೈಕಿನಲ್ಲಿ ಹೇಳಲು ನಾಚುತ್ತಾರೆ. ಆಗ ಮೂಲೆಯಿಂದ ಗಿರಿಜ, "ನಾನ್ ಕೂಕಂತೆ" ಎಂದಳು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ತನ್ನ ವಿರುದ್ಧ ತಾನೇ ವಾದಿಸಲು ಒಪ್ಪಿಕೊಂಡಳಲ್ಲ! ನಾನು ಸಭೆಯ ಮುಂದೆ ಉದಾರಿಯಾಗಿ ಕಾಣುತ್ತೇನೆ, ಅವಳು ನಾಯಕತ್ವ ಹೆಂಗಸರಿಗೆ ಯಾಕೆ ಬೇಡ ಎಂಬುದಕ್ಕೆ ಕಾರಣ ಕೊಡುತ್ತಾಳೆ. ಮರುದಿನ, ನೀನೇ ಹೇಳಿದೆಯಲ್ಲ ಗಿರಿಜ ಎನ್ನಬಹುದು. ಮನೆಗೆ ಹೋಗುವ ದಾರಿಯಲ್ಲಿ ನಾನು ಸಣ್ಣಗೆ ಹಾಡಿಕೊಂಡೇ ಹೋದೆ.

ನನ್ನ ಒಂದು ದೌರ್ಬಲ್ಯವನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗುಲ್ವಾಡಿಯಲ್ಲಿ ಒಮ್ಮೆ ತಾಳಮದ್ದಳೆಯಲ್ಲಿ ನನಗೆ ಬಾಣ ತಾಗಿ ಬಿದ್ದವನ ಪಾತ್ರ. ಎದುರಾಳಿಯನ್ನು ನಾಲ್ಕು ಮಾತು ಕೇಳಿ, ಸಮಾಧಾನಗೊಂಡು ಪ್ರಾಣ ಬಿಡಬೇಕು. ನಾನು ಬಿಡಲಿಲ್ಲ. ಅವರು ಒಂದು ಸಮಾಧಾನ ಹೇಳಿದರೆ ನಾನು ಎರಡು ಪ್ರಶ್ನೆ ಹಾಕಿದೆ. ಎದೆಯಲ್ಲಿ ಬಾಣವಿಟ್ಟುಕೊಂಡೇ ಮುಕ್ಕಾಲು ಗಂಟೆ ವಾದಿಸಿದೆ. ಎದುರಿನವರು ಎರಡು ಸಲ ನೀರು ಕುಡಿದರು. ಕೊನೆಗೆ ಹಾಡುವ ಭಾಗವತರಿಗೇ ಸಿಟ್ಟು ಬಂದು, ಮುಂದಿನ ಪದ ಎತ್ತಿಕೊಂಡು ನನ್ನನ್ನು ಕೊಂದರು. ಅಷ್ಟಕ್ಕೂ ವಾದ ಗೆದ್ದರೆ ನನಗೆ ಸಿಗುವುದೇನು ಎಂದು ನಾನು ಯಾವತ್ತೂ ಯೋಚಿಸಿದವನಲ್ಲ. ಗೆಲ್ಲಬೇಕು, ಅಷ್ಟೇ. ಆ ದಿನ ಗಿರಿಜ ಮೂರನೇ ಸಾಲಿನಲ್ಲಿ ಕೂತು ನೋಡಿದ್ದಳು ಎಂಬುದು ನನಗೆ ಬಹಳ ತಡವಾಗಿ ನೆನಪಾಯಿತು.

ಸಂವಾದದ ದಿನ ಭಾನುವಾರ ಮಧ್ಯಾಹ್ನ ತಲ್ಲೂರಿನ ಸಭಾಭವನ ತುಂಬಿತ್ತು. ಸಾಮಾಜಿಕ ನ್ಯಾಯವನ್ನು ಉದ್ಘಾಟಿಸಲು ವೇದಿಕೆಯ ಮೇಲೆ ಆರು ಮಂದಿ ಗಂಡಸರು ಸಾಲಾಗಿ ಕೂತೆವು. ದೀಪದ ತಟ್ಟೆ ಹಿಡಿದುಕೊಳ್ಳಲು ಇಬ್ಬರು ಹೆಣ್ಣುಮಕ್ಕಳಿದ್ದರು. ಅದು ಮುಗಿದ ಮೇಲೆ ನಡುವೆ ಎರಡು ಕುರ್ಚಿ ಎದುರುಬದುರು ಹಾಕಿದರು. ಶೀನಣ್ಣ ಗಂಟೆ ಹಿಡಿದು ಪಕ್ಕದಲ್ಲಿ ಕೂತ, ವಾದ ಹೆಚ್ಚಾದರೆ ಬಾರಿಸಬೇಕೆಂದು. ಗಿರಿಜ ಶಾಲು ಸರಿಪಡಿಸಿಕೊಂಡು ಎದುರಿನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. ಕೂತು ಕಣ್ಣು ಮುಚ್ಚಿಕೊಂಡಳು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

"ನಮ್ಮ್ ತಂಡದ್ ಹೆಣ್ಮಕ್ಳ್ ಇದ್ರಲೆ, ಅವ್ರಿಗೆ ಶ್ರದ್ಧೆ ಇತ್ತ್, ಅಭಿನಯ ಇತ್ತ್. ಇಲ್ಲ ಅಂತಿಲ್ಲೆ ನಾನ್. ಆದ್ರೆ ನಿರ್ದೇಶನಕ್ಕೆ ಒಟ್ಟಂದ ಕಾಂಬ ಕಣ್ ಬೇಕ್. ಅದ್ ಹುಟ್ಟಿನಿಂದ್ಲೇ ಬರ್ಕ್" ಎಂದು ಕಣ್ಣು ಬಿಟ್ಟಳು. ಈ ಮಾತು ಎಲ್ಲೋ ಕೇಳಿದ ಹಾಗಿದೆ ಎನ್ನಿಸಿತು. ಹಿಂದಿನ ವರ್ಷ ಅವಳಿಗೆ ಶಾಲು ಹೊದಿಸಿ ಸನ್ಮಾನ ಮಾಡುವಾಗ ನಾನೇ ಹೇಳಿದ್ದು! ಆದರೆ ವಾದಕ್ಕೆ ಕೂತವನಿಗೆ ಮಾತು ಯಾರದ್ದೆಂಬುದು ಮುಖ್ಯವಲ್ಲ, ಅದನ್ನು ಕತ್ತರಿಸುವುದು ಮುಖ್ಯ. ನನ್ನ ನಾಲಗೆಗೆ ಪುಸ್ತಕದ ಕನ್ನಡ ಬಂದು ಕೂತಿತು. "ಕಣ್ಣೇ? ಕಣ್ಣಿನ ಮಾತನ್ನು ಆಡತಕ್ಕವನು ಮೊದಲು ಕಣ್ಣು ತೆರೆದಿರಬೇಕು! ತಾಲೀಮಿನ ಉದ್ದಕ್ಕೂ ರೆಪ್ಪೆ ಮುಚ್ಚಿ ಕೂತವನಿಗೆ ಕಂಡ ಒಟ್ಟಂದ ಯಾವುದು? ನಿದ್ದೆಯದ್ದೇ?" ಸಭೆ ಹೋ ಎಂದು ನಕ್ಕಿತು. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ನನ್ನನ್ನು ಹಿಡಿಯುವವರು ಯಾರು?

ಗಿರಿಜ ಜಗ್ಗಲಿಲ್ಲ. ಹೆಂಗಸರಿಗೆ ಮನೆವಾರ್ತೆ ಇರುತ್ತದೆ, ಮಕ್ಕಳು ಮರಿ ಇರುತ್ತವೆ, ತಂಡದ ಜವಾಬ್ದಾರಿ ಹೊರುವುದು ಹೇಗೆ ಎಂದಳು. ಇದೂ ನನ್ನದೇ ಮಾತು. "ಮನೆ ಎಂಬುದು ಸ್ತ್ರೀಗೆ ಮಾತ್ರ ಉಂಟೇನು? ಪುರುಷರೆಲ್ಲ ಮರದ ಮೇಲೆ ವಾಸವೇ? ತಾನು ಕುಡಿದ ಲೋಟ ತೊಳೆದಿಡದವನು ಜವಾಬ್ದಾರಿಯ ಮಾತಾಡುವುದು ಯಾವ ಬಾಯಿಂದ?" ಎಂದು ಗುಡುಗಿದೆ. ಎರಡನೇ ಸಾಲಿನಲ್ಲಿ ಸುಲೋಚನ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ನನ್ನ ಯಾವ ನಾಟಕಕ್ಕೂ ಹಾಗೆ ತಟ್ಟಿದ್ದಿಲ್ಲ.

ಗಿರಿಜ ಕೊನೆಯ ಅಸ್ತ್ರ ಬಿಟ್ಟಳು. "ಎಂತ ಹೇಳಿರೂ ನಾಯಕ ಇಲ್ದಿರೆ ತಂಡ ನಡೂದಿಲ್ಲ. ಅಧ್ಯಕ್ಷ್ರ್ ಒಂದ್ ದಿನ ಬರ್ದಿರೆ ಒಂದ್ ಕುರ್ಚಿ ಆಚೆ ಈಚೆ ಆತಿಲ್ಲ." ನನಗೆ ರೋಷ ಏರಿತ್ತು, ಶಾಲು ಜಾರಿ ಬಿದ್ದಿತ್ತು. "ಸುಳ್ಳು! ಮೂರು ವರ್ಷದ ಕೆಳಗೆ ನಿಮ್ಮ ಅಧ್ಯಕ್ಷ ಡೆಂಗಿ ಜ್ವರ ಬಂದು ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ತಾಲೀಮು ನಿಂತಿತೇ? ಬಹುಮಾನ ಬಂದ ನಾಟಕ ಅದೊಂದೇ!" ಎಂದೆ. ಹೇಳಿದ ಮೇಲೆ ಒಂದು ಕ್ಷಣ ಒಳಗೆ ಏನೋ ಕುಟುಕಿತು. ಈ ಸತ್ಯವನ್ನು ಮೂರು ವರ್ಷ ನನ್ನಿಂದಲೇ ಮುಚ್ಚಿಟ್ಟುಕೊಂಡಿದ್ದೆ. ಆದರೆ ಜನ ಬೆಂಚು ಗುದ್ದುತ್ತಿದ್ದರು. ಶೀನಣ್ಣ ಗಂಟೆಯನ್ನು ತೊಡೆಯ ಮೇಲಿಟ್ಟು ತಾನೂ ಚಪ್ಪಾಳೆ ತಟ್ಟುತ್ತಿದ್ದ.

ಆಗ ಗಿರಿಜ ಮುಂದಕ್ಕೆ ಬಾಗಿ ತಣ್ಣಗೆ ಕೇಳಿದಳು. "ಮಾತ್ ಲಾಯ್ಕಿತ್ತ್. ಆದ್ರೆ ಬರೀ ಮಾತ್. ಕುರ್ಚಿ ಕೊಡುವಷ್ಟ್ ಯೋಗ್ಯತೆ ಇದ್ದ್ ಹೆಂಗ್ಸ್ ಯಾರಿದ್ರ್ ನಿಮ್ಮ್ ತಂಡದಗೆ? ಹೆಸ್ರ್ ಹೇಳಿ ಕಾಂಬ."

"ಇದ್ದಾಳೆ! ಗಿರಿಜ!"

"ಯಾವ ನಾಟ್ಕಕ್ಕೆ?"

"ಮುಂದಿನದಕ್ಕೆ! ಈ ಸಭೆಯ ಸಾಕ್ಷಿಯಾಗಿ!"

ಗಿರಿಜ ಕುರ್ಚಿಯಿಂದ ಎದ್ದು ಸಭೆಗೆ ಕೈ ಮುಗಿದಳು. "ನಾನ್ ಸೋತೆ" ಎಂದಳು. ಸಭಾಭವನದ ಮಾಡು ಹಾರಿಹೋಗುವ ಹಾಗೆ ಚಪ್ಪಾಳೆ. ನಾನು ಎರಡು ಕೈ ಎತ್ತಿ ಸಭೆಗೆ ನಮಸ್ಕಾರ ಮಾಡುತ್ತಾ ನಿಂತೆ. ಗೆದ್ದೆ ಎಂಬ ಸುಖದಲ್ಲಿ ಎರಡು ನಿಮಿಷ ತೇಲಿದೆ. ಏನು ಗೆದ್ದೆ ಎಂಬುದು ತಿಳಿದದ್ದು ಕೆಳಗಿಳಿದು ಚಾ ಕುಡಿಯುವಾಗ.

ಎರಡು ದಿನ ನಾನು ಮನೆಯಿಂದ ಹೊರಬೀಳಲಿಲ್ಲ. ಮೂರನೇ ದಿನ ಒಂದು ಸಮರ್ಥನೆ ಹೊಳೆಯಿತು. ತಾಳಮದ್ದಳೆಯಲ್ಲಿ ಆಡಿದ್ದು ಪಾತ್ರದ ಮಾತು. ರಾಜ್ಯ ದಾನ ಕೊಟ್ಟ ರಾಜನ ಪಾತ್ರ ಮಾಡಿದವನು ಮನೆಗೆ ಹೋಗಿ ಗದ್ದೆ ದಾನ ಕೊಡುತ್ತಾನೆಯೇ? ಇದನ್ನು ಹಿಡಿದುಕೊಂಡು ಸೀದಾ ಅಂಚೆ ಕಚೇರಿಗೆ ಹೋದೆ. ಗಿರಿಜ ಕಾಗದಗಳಿಗೆ ಠಸ್ಸೆ ಒತ್ತುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. "ಹೌದ್ ಭಾಸ್ಕರಣ್ಣ, ಸಮ ಹೇಳಿರಿ. ಪಾತ್ರದ್ ಮಾತ್ ಪಾತ್ರಕ್ಕೇ. ಹಾಂಗಾರೆ ಇನ್ನೊಂದ್ ಸಲ ಕೂಕಂಬ. ಈ ಸಲ ಪಾತ್ರ ಬ್ಯಾಡ. ನಾನ್ ನನ್ನ್ ಪರ, ನೀವ್ ನಿಮ್ಮ್ ಪರ. ಶೀನಣ್ಣಂಗೆ ನಾನೇ ಹೇಳ್ತೆ" ಎಂದು ಇನ್ನೊಂದು ಠಸ್ಸೆ ಒತ್ತಿದಳು.

ನಾನು ಕಿಟಕಿಯ ಈಚೆ ನಿಂತು ಯೋಚಿಸಿದೆ. ನನ್ನ ಪರ ಹೇಳಬಹುದಾದ ಮಾತು ಏನಿದೆ ಎಂದು ಒಂದೊಂದಾಗಿ ತೆಗೆದು ನೋಡಿದೆ. ಒಂದನ್ನೂ ಬಿಡದೆ ಎಲ್ಲವನ್ನೂ ಗಿರಿಜ ಅವತ್ತೇ ಹೇಳಿ ಮುಗಿಸಿದ್ದಳು, ಅದೂ ನಾನು ಹೇಳುವುದಕ್ಕಿಂತ ಚೆನ್ನಾಗಿ. ಎಲ್ಲದಕ್ಕೂ ನಾನೇ ಉತ್ತರ ಕೊಟ್ಟಾಗಿತ್ತು, ಅದೂ ಮೈಕಿನಲ್ಲಿ. ಅವತ್ತಿನ ನನ್ನ ವಾದವನ್ನು ಈ ತಾಲೂಕಿನಲ್ಲಿ ಮುರಿಯಬಲ್ಲವನು ಇದ್ದರೆ ನಾನೊಬ್ಬನೇ, ಆದರೆ ಅದನ್ನು ಕಟ್ಟಿದವನೂ ನಾನೇ. ಎರಡು ಅಂತರ್ದೇಶೀಯ ಪತ್ರ ಕೊಂಡುಕೊಂಡು ವಾಪಸು ಬಂದೆ. ಅಂತರ್ದೇಶೀಯದಲ್ಲಿ ಬರೆಯಲು ನನಗೆ ಯಾರೂ ಇಲ್ಲ.

ಈಗ ತಾಲೀಮು ನಡೆಯುತ್ತಿದೆ. ಗಿರಿಜ ಕುರ್ಚಿಯಲ್ಲಿ ಕೂರುವುದಿಲ್ಲ, ನಟರ ನಡುವೆಯೇ ಓಡಾಡುತ್ತಾಳೆ. ಜಗಲಿ ಖಾಲಿ ಬಿದ್ದಿದೆ. ನನ್ನ ನಾಟಕಗಳಲ್ಲಿ ಎಷ್ಟೋ ವರ್ಷ ಬಾಗಿಲ ಬಳಿ ದೀಪ ಹಿಡಿದು ನಿಂತಿದ್ದ ಹೆಣ್ಣುಮಕ್ಕಳು ಈಗ ರಾಣಿಯಾಗಿ, ಕಳ್ಳಿಯಾಗಿ, ನ್ಯಾಯಾಧೀಶೆಯಾಗಿ ಓಡಾಡುತ್ತಾರೆ. ಒಂದು ದಿನ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ನಾಟಕ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಹೋಗಿ ತಿದ್ದಬಹುದಿತ್ತು. ಚೆನ್ನಾಗಿತ್ತು ಎಂಬುದಕ್ಕೇ ಹೊಟ್ಟೆ ಉರಿಯಿತು. ಅದರ ಜೊತೆಗೆ, ಇವಳನ್ನು ಹತ್ತೊಂಬತ್ತು ವರ್ಷ ಜಗಲಿಯಲ್ಲಿ ನಿಲ್ಲಿಸಿಟ್ಟೆನಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಬೇಡಿ.

ಮೊನ್ನೆ ಕುಂದಾಪುರದಲ್ಲಿ ಕೆಲಸ ಮುಗಿಸಿ ಬರುವಾಗ ನನ್ನ ಕಾಲು ತಾನಾಗಿ ಮುದ್ರಣಾಲಯದ ಕಡೆ ತಿರುಗಿತು. ನಾಟಕದ ಆಮಂತ್ರಣ ಪತ್ರಿಕೆ ಅಲ್ಲಿ ತಯಾರಾಗುತ್ತಿದೆ ಎಂದು ಶೀನಣ್ಣ ಹೇಳಿದ್ದ. ಸುಮ್ಮನೆ ಒಂದು ಕಣ್ಣು ಹಾಯಿಸುವ ಎಂದುಕೊಂಡೆ. ಹಿರಿಯನೊಬ್ಬನ ಹೆಸರು ಎಲ್ಲೂ ಇಲ್ಲದಿದ್ದರೆ ತಂಡಕ್ಕೇ ಶೋಭೆಯಲ್ಲ, ನಿರ್ದೇಶನ ಅವಳದ್ದೇ ಇರಲಿ, ಮೇಲೊಂದು ಸಾಲು 'ಸಮಗ್ರ ಮಾರ್ಗದರ್ಶನ' ಎಂದು ಸೇರಿಸಿದರೆ ಯಾರಿಗೇನು ನಷ್ಟ? ಗಿರಿಜೆಗೆ ಗೊತ್ತಾಗುವಷ್ಟರಲ್ಲಿ ಅಚ್ಚಾಗಿರುತ್ತದೆ. ಪ್ರೆಸ್ಸಿನ ವಾಸುದೇವ ಕಂಪ್ಯೂಟರಿನಲ್ಲಿ ಪುಟ ತೆರೆದು ತೋರಿಸಿದ. ನಿರ್ದೇಶನ, ಗಿರಿಜ ಎಂದು ಅಚ್ಚುಕಟ್ಟಾಗಿತ್ತು. ಅದರ ಮೇಲೆ ಒಂದು ಸಾಲಿನಷ್ಟು ಜಾಗ ಬರಿದಾಗಿತ್ತು.

"ಇದೆಂತಕೆ ಖಾಲಿ ಬಿಟ್ಟದ್ದ್?" ಎಂದೆ.

ವಾಸುದೇವ ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದ. "ಅದ್ ನಿಮ್ಗೇ. ಗಿರಿಜಕ್ಕ ಹೇಳಿದ್ರ್. ಭಾಸ್ಕರಣ್ಣ ಬತ್ರ್, ಒಂದ್ ಸಾಲ್ ಸೇರ್ಸುಕೆ ಹೇಳ್ತ್ರ್, ಎಂತ ಹೇಳ್ತ್ರೋ ಹಾಂಗೇ ಹಾಕಿ, ನನ್ನತ್ರ ಕೇಂಬುದ್ ಬ್ಯಾಡ ಅಂದೇಳಿ" ಎಂದ.

ನನಗೆ ನಾಚಿಕೆಯಾಯಿತು. ನೆಲ ಬಿರಿದು ನುಂಗಬಾರದೇ ಎನ್ನಿಸುವಷ್ಟು ಆಯಿತು, ಸುಳ್ಳು ಹೇಳುವುದಿಲ್ಲ. ಅಷ್ಟು ನಾಚಿಕೆಪಟ್ಟವನು ಏನೂ ಹಾಕಿಸದೆ ಮನೆಗೆ ಬಂದಿರಬೇಕು ಎಂದು ನೀವು ತಿಳಿದುಕೊಂಡಿದ್ದರೆ, ನನ್ನ ಬಗ್ಗೆ ನಿಮಗೆ ಇನ್ನೂ ಒಳ್ಳೆಯ ಅಭಿಪ್ರಾಯ ಉಳಿದಿದೆ ಎಂದಾಯಿತು. ಗಿರಿಜೆಗೆ ಉಳಿದಿಲ್ಲ, ಹಾಗಾಗಿ ಅವಳು ಜಾಗ ಬಿಟ್ಟಳು. ನಾನು ಎರಡು ಸಲ ಗಂಟಲು ಸರಿ ಮಾಡಿಕೊಂಡು, ಸಾಲನ್ನು ಹೇಳಿ ಬರೆಸಿ, ಅಕ್ಷರ ಸ್ವಲ್ಪ ದಪ್ಪ ಇರಲಿ ಎಂದು ಹೇಳಿ ಬಂದೆ.